ನೋಡಿ ಬರೆದು ಕಲಿಯುವುದು: ರಫೇಲನ ಒಂದು ಭಾವಚಿತ್ರದ ಜೊತೆ ಎಂಟು ತಿಂಗಳು

(ದಾವಣಗೆರೆಯಲ್ಲಿ ಚಿತ್ರಕಲಾ ವಿದ್ಯಾರ್ಥಿಗಳು ಹಾಗೂ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಕ್ಯಾನ್ವಾಸಿನ ಮೇಲೆ ಕೈಯಿಂದ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ನಮ್ಮ ಕಡೆ ಭಾವಚಿತ್ರ ಬರೆಯುವವನಿಗೆ ಕೆಲಸ ಬರುವುದು ಬಹುಮಟ್ಟಿಗೆ ಒಂದು ಸಾವಿನ ನಂತರ. ಶಿವಗಣಾರಾಧನೆಗೆ ಇನ್ನು ನಾಲ್ಕೈದು ದಿನ ಇದೆ ಎನ್ನುವಾಗ ಮನೆಯವರು ಪಾಸ್‌ಪೋರ್ಟ್ ಅಳತೆಯ ಒಂದು ಫೋಟೋ ಹಿಡಿದು ಬರುತ್ತಾರೆ. ಅದೂ ಸಿಗದಿದ್ದರೆ ಯಾವುದೋ ಮದುವೆಯ ಗುಂಪಿನ ಫೋಟೋದಲ್ಲಿ ಮೂರನೆಯ ಸಾಲಿನ ತುದಿಗೆ ನಿಂತ ಬೆರಳುಗುರಿನಷ್ಟು ಮುಖವನ್ನು ತೋರಿಸಿ, ಹೆಗಲ ಮೇಲೊಂದು ಶಲ್ಯ ಇರಲಿ, ವಿಭೂತಿ ಎದ್ದು ಕಾಣಲಿ, ಕೆನ್ನೆ ಸ್ವಲ್ಪ ತುಂಬಿಕೊಂಡಿರಲಿ ಎಂದು ಹೇಳಿ ಹೋಗುತ್ತಾರೆ. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮಾಡುತ್ತಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಈ ಕೆಲಸ ಮಾಡಿದ್ದೇನೆ. ಫೋಟೋದ ಮೇಲೆ ಚೌಕ ಹಾಕಿ, ಅದನ್ನು ದೊಡ್ಡದು ಮಾಡಿ ಗೆರೆ ಎಳೆದುಕೊಂಡು, ಮೈಬಣ್ಣವೆಂದು ಮೊದಲೇ ಕಲಸಿಟ್ಟ ಒಂದೇ ಬಣ್ಣವನ್ನು ಮುಖದ ತುಂಬ ಬಳಿದು, ನೆರಳು ಬೇಕಾದಲ್ಲಿ ಅದಕ್ಕೇ ಕಪ್ಪು ಬೆರೆಸಿ, ಕೊನೆಗೆ ಜೀರೋ ನಂಬರ್ ಬ್ರಷ್ಷಿನಿಂದ ಹುಬ್ಬು ಮೀಸೆಗಳ ಕೂದಲನ್ನು ಒಂದೊಂದಾಗಿ ಎಳೆದರೆ ಕೆಲಸ ಮುಗಿಯುತ್ತಿತ್ತು. ಬೇಗ ಒಣಗಲೆಂದು ಡ್ರೈಯರ್ ಬೆರೆಸುತ್ತಿದ್ದೆ. ಹೋಲಿಕೆ ಬರುತ್ತಿತ್ತು, ಹಣವೂ ಬರುತ್ತಿತ್ತು.

ಒಮ್ಮೆ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದಾಗ, ಹತ್ತು ವರ್ಷದ ಅಂತರದಲ್ಲಿ ನಾನೇ ಬರೆದುಕೊಟ್ಟಿದ್ದ ಎರಡು ಚಿತ್ರಗಳನ್ನು ನಡುಮನೆಯ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ನೋಡಿದೆ. ಒಂದು ಮಾವನದು, ಇನ್ನೊಂದು ಹೊರಗಿನಿಂದ ಬಂದ ಅಳಿಯನದು. ಮೂಗು ಬೇರೆ, ಹಣೆ ಬೇರೆ, ಮೀಸೆ ಬೇರೆ; ಆದರೂ ಇಬ್ಬರೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದರು. ಚರ್ಮ ಒಂದೇ, ಮೂಗಿನ ಕೆಳಗಿನ ನೆರಳು ಒಂದೇ, ಕಣ್ಣಿನಲ್ಲಿ ಇಟ್ಟ ಬಿಳಿಯ ಚುಕ್ಕೆಯೂ ಒಂದೇ ಕಡೆಗಿತ್ತು. ಅಂದು ಹೋಳಿಗೆ ಸರಿಯಾಗಿ ಇಳಿಯಲಿಲ್ಲ. ನನಗೆ ಬರುತ್ತಿದ್ದದ್ದು ಮುಗಿದ ಮುಖದ ಹೊರಗೆರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಷ್ಟೇ ಎಂಬುದು ಅಲ್ಲಿ ಸ್ಪಷ್ಟವಾಯಿತು. ಮುಖವೊಂದು ಬಣ್ಣದಲ್ಲಿ ಯಾವ ಕ್ರಮದಿಂದ ಕಟ್ಟಿಕೊಳ್ಳುತ್ತದೆ, ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಕೊನೆಯವರೆಗೂ ಕಾಯಬೇಕು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ತೈಲವರ್ಣ ನಮ್ಮ ದೇಶಕ್ಕೆ ಬಂದ ಬಗೆಯಲ್ಲೇ ಈ ಕೊರತೆ ಇದೆ ಎಂದು ಆಮೇಲೆ ಅನ್ನಿಸಿತು. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯೂರೋಪಿನ ಕಲಾವಿದ ತಿರುವಾಂಕೂರಿನ ಅರಮನೆಗೆ ಬಂದಾಗ, ತರುಣ ರವಿವರ್ಮನಿಗೆ ದೊರೆತದ್ದು ಅವನು ಕೆಲಸ ಮಾಡುವುದನ್ನು ನೋಡುವ ಅವಕಾಶ ಮಾತ್ರ. ನೋಡಿಯೇ ಅಷ್ಟು ಕಲಿತ ರವಿವರ್ಮನ ಪ್ರತಿಭೆ ದೊಡ್ಡದು. ನಮಗಾದರೋ ನೋಡುವುದಕ್ಕೂ ಎದುರಿಗೆ ಯಾರೂ ಇರಲಿಲ್ಲ. ಹಾಗಾಗಿ, ಐದು ಶತಮಾನದ ಹಿಂದೆ ತೀರಿಹೋದ ಒಬ್ಬ ಗುರುವಿನ ಮುಂದೆ ಕೂತು, ಅವನ ಒಂದೇ ಒಂದು ಚಿತ್ರವನ್ನು ನೋಡಿ ಬರೆದು ಕಲಿಯೋಣ ಎಂದು ತೀರ್ಮಾನಿಸಿದೆ. ಒಂದೇ ಒಂದು ಎಂದದ್ದಕ್ಕೆ ಕಾರಣವಿದೆ. 1400ರ ಆಸುಪಾಸಿನಲ್ಲಿ ಚಿತ್ರಕಾರರ ಕಸುಬಿನ ಬಗ್ಗೆ ಬರೆದ ಇಟಲಿಯ ಚೆನ್ನಿನೊ ಚೆನ್ನಿನಿ, ಕಲಿಯುವವನು ಶ್ರೇಷ್ಠರ ಕೆಲಸವನ್ನು ನೋಡಿ ಬರೆಯಬೇಕು, ಆದರೆ ಇಂದು ಒಬ್ಬರನ್ನು ನಾಳೆ ಇನ್ನೊಬ್ಬರನ್ನು ಹಿಡಿಯಬಾರದು ಎಂದು ಎಚ್ಚರಿಸುತ್ತಾನೆ. ನಮ್ಮ ಸಂಗೀತದ ಮೇಷ್ಟ್ರುಗಳೂ ಮಕ್ಕಳಿಗೆ ಹೇಳುವುದು ಇದನ್ನೇ.

ನಾನು ಆರಿಸಿಕೊಂಡದ್ದು ಇಟಲಿಯ ಚಿತ್ರಕಾರ ರಫೇಲನು 1514–15ರ ಸುಮಾರಿಗೆ ಬರೆದ ಬಾಲ್ದಸ್ಸಾರೆ ಕಾಸ್ತಿಲ್ಯೋನೆಯ ಭಾವಚಿತ್ರ. ಅದು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎತ್ತರ 82 ಸೆಂಟಿಮೀಟರ್, ಅಗಲ 67. ಕಾಸ್ತಿಲ್ಯೋನೆ ರಫೇಲನ ಗೆಳೆಯ, ರಾಯಭಾರಿ, ಲೇಖಕ. ಅರಮನೆಯ ಸಭ್ಯಸ್ಥರ ನಡೆನುಡಿಯ ಬಗ್ಗೆ ಅವನು ಬರೆದದ್ದು 1528ರಲ್ಲಿ ಅಚ್ಚಾಯಿತು. ಪಟ್ಟ ಶ್ರಮ ಹೊರಗೆ ಕಾಣದಂತೆ ಕೆಲಸ ಮಾಡುವ ಗುಣಕ್ಕೆ ‘ಸ್ಪ್ರೆತ್ಸಾತೂರಾ’ ಎಂಬ ಹೆಸರಿಟ್ಟವನೂ ಅವನೇ. ಚಿತ್ರದಲ್ಲಿ ಅವನು ಓರೆಯಾಗಿ ಕೂತು ಮುಖವನ್ನು ನಮ್ಮ ಕಡೆ ತಿರುಗಿಸಿದ್ದಾನೆ. ಕಪ್ಪು ಟೋಪಿ, ಕಪ್ಪು ಉಡುಪು, ಬೂದುಬಣ್ಣದ ತುಪ್ಪಳದ ತೋಳು, ಎದೆಯ ಮೇಲೆ ಬಿಳಿಯ ಅಂಗಿಯ ನೆರಿಗೆ, ದಟ್ಟ ಗಡ್ಡ, ನೀಲಿ ಕಣ್ಣು. ಹಿಂದೆ ಏನೂ ಇಲ್ಲ, ಬರಿಯ ಬೂದುಗಂದು ಬಯಲು. ಜೋಡಿಸಿದ ಕೈಗಳ ಬೆರಳುಗಳನ್ನು ಚಿತ್ರದ ಕೆಳ ಅಂಚು ಕತ್ತರಿಸುತ್ತದೆ. ರೇಷ್ಮೆ, ಒಡವೆ, ಬೆಟ್ಟಗುಡ್ಡ ಯಾವುದೂ ಇಲ್ಲದ್ದರಿಂದ ಕಲಿಯುವವನಿಗೆ ಓಡಿಹೋಗಿ ಅಡಗಿಕೊಳ್ಳಲು ಜಾಗವಿಲ್ಲ. ನಾಲ್ಕೈದು ಬಣ್ಣದಲ್ಲೇ ಎಲ್ಲವನ್ನೂ ಸಾಧಿಸಬೇಕು.

ಇದನ್ನು ನೋಡಿ ಕಲಿತವರ ಸಾಲೂ ದೊಡ್ಡದು. ಫ್ಲಾಂಡರ್ಸಿನ ಚಿತ್ರಕಾರ ರೂಬೆನ್ಸ್ ಇದರ ಪೂರ್ಣ ಪ್ರತಿಯನ್ನು ಬಣ್ಣದಲ್ಲಿ ಬರೆದ, ಅದು ಲಂಡನ್ನಿನಲ್ಲಿದೆ. 1639ರಲ್ಲಿ ಚಿತ್ರ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಿಗೆ ಬಂದಾಗ ಅಲ್ಲಿದ್ದ ಡಚ್ ಚಿತ್ರಕಾರ ರೆಂಬ್ರಾಂಟ್, ಪೆನ್ನಿನಿಂದ ಅದರ ಒಂದು ಚಿಕ್ಕ ಚಿತ್ರವನ್ನು ಗೀಚಿಕೊಂಡು, ಪಕ್ಕದಲ್ಲಿ ಅದು ಮಾರಾಟವಾದ ಬೆಲೆಯನ್ನೂ ಬರೆದುಕೊಂಡ: 3,500 ಗಿಲ್ಡರ್. ಮರುವರ್ಷ, ಅಂದರೆ 1640ರಲ್ಲಿ, ಅವನು ತನ್ನದೇ ಭಾವಚಿತ್ರ ಬರೆದಾಗ ಕೂತ ಭಂಗಿಯಲ್ಲಿ ಕಾಸ್ತಿಲ್ಯೋನೆಯ ನೆರಳು ಬಿದ್ದಿತ್ತು. ವೆನಿಸ್ಸಿನ ಚಿತ್ರಕಾರ ಟಿಷಿಯನ್ನನ ಒಂದು ಭಾವಚಿತ್ರದ ನೆನಪೂ ಅದರಲ್ಲಿ ಸೇರಿತ್ತು. ರಫೇಲನೇ ಈ ಭಂಗಿಯನ್ನು ಲಿಯೊನಾರ್ಡೊ ಡಾ ವಿಂಚಿಯ ಮೋನಾಲಿಸಾದಿಂದ ಕಲಿತವನು. ಒಬ್ಬರದನ್ನು ಒಬ್ಬರು ನೋಡಿ ಬರೆಯುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಅವರಿಗೆ ಕಂಡಿರಲಿಲ್ಲ. ‘ಕಾಪಿ ಹೊಡೆಯುವುದು’ ಎಂಬ ನಮ್ಮ ಪರೀಕ್ಷಾ ಕೊಠಡಿಯ ಬೈಗುಳವನ್ನು ಚಿತ್ರಶಾಲೆಯ ಹೊರಗೇ ಬಿಟ್ಟು ಬರುವುದು ಒಳ್ಳೆಯದು.

ಲೂವ್ರ್‌ನಲ್ಲಿ 1793ರಿಂದಲೂ ಚಿತ್ರಗಳ ಮುಂದೆ ಈಸಲ್ ಹಾಕಿಕೊಂಡು ನಕಲು ಬರೆಯಲು ಅನುಮತಿ ಕೊಡುತ್ತಾರೆ. ನಕಲು ಅಸಲಿನ ಅಳತೆಯಲ್ಲೇ ಇರಬಾರದು, ಐದನೇ ಒಂದು ಭಾಗದಷ್ಟು ಚಿಕ್ಕದೋ ದೊಡ್ಡದೋ ಆಗಿರಬೇಕು ಎಂಬುದು ಅಲ್ಲಿಯ ನಿಯಮ. ಪ್ಯಾರಿಸ್ಸಿಗೆ ಹೋಗುವ ಯೋಗ ನನಗಿರಲಿಲ್ಲ. ನಿಯಮವನ್ನಾದರೂ ಪಾಲಿಸೋಣವೆಂದು ಐದನೇ ಒಂದು ಭಾಗ ಕಳೆದು ಲೆಕ್ಕ ಹಾಕಿದೆ. ಸುಮಾರಾಗಿ ಎತ್ತರ 26 ಇಂಚು, ಅಗಲ ಇಪ್ಪತ್ತೊಂದೂ ಕಾಲು ಇಂಚು ಬಂತು. ಬಡಗಿಯವರಿಗೆ ಈ ಅಳತೆಯನ್ನು ಫೋನಿನಲ್ಲಿ ಹೇಳಿದೆ. ಅವರಿಗೆ ಕೇಳಿಸಿದ್ದು ಇಪ್ಪತ್ತೂ ಕಾಲು. ಚೌಕಟ್ಟು ಬಂದ ಮೇಲೆ ಟೇಪು ಹಿಡಿದು ನೋಡಬೇಕಾದವನು ನಾನು, ನೋಡಲಿಲ್ಲ. ಮೂಲ ಚಿತ್ರದ ಪ್ರಿಂಟಿನ ಮೇಲೆ ಅಡ್ಡಕ್ಕೆ ಎಂಟು, ಉದ್ದಕ್ಕೆ ಹತ್ತು ಮನೆಗಳನ್ನು ಹಾಕಿ, ಕ್ಯಾನ್ವಾಸಿನ ಮೇಲೂ ಅಷ್ಟೇ ಮನೆಗಳನ್ನು ಮಾಡಿದೆ. ಮನೆಗಳು ಕಣ್ಣಿಗೆ ಚೌಕವಾಗಿಯೇ ಕಂಡವು. ಮೂರು ವಾರದ ನಂತರ ನೋಡುತ್ತೇನೆ, ಕಾಸ್ತಿಲ್ಯೋನೆ ಶ್ರಾವಣದ ಉಪವಾಸ ಮುಗಿಸಿ ಎದ್ದವನಂತೆ ಸೊರಗಿದ್ದಾನೆ. ಅಗಲದಲ್ಲಿ ನೂರಕ್ಕೆ ಐದರಷ್ಟು ಕಡಿಮೆಯಾದರೆ ಮನುಷ್ಯನ ಗತ್ತು ಎಷ್ಟು ಇಳಿದುಹೋಗುತ್ತದೆ ಎಂಬುದು ಆಗ ತಿಳಿಯಿತು. ಆ ಕ್ಯಾನ್ವಾಸನ್ನು ಬಿಚ್ಚಿ ಹೊಸ ಚೌಕಟ್ಟು ಮಾಡಿಸಿದೆ.

ಎರಡನೆಯ ಸಲ ಗೆರೆ ಹಾಕಿದ್ದು ಸ್ಕೇಲಿನಿಂದಲ್ಲ. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು ಈ ಊರಿನಲ್ಲಿ ಬಹಳ ಜನ ಇದ್ದರು. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆಗಳನ್ನು ಅವರು ನೆಲದ ಮೇಲೆ ಹಾಸಿ, ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಎರಡು ತುದಿಗೆ ಬಿಗಿಹಿಡಿದು ನಡುವೆ ಎತ್ತಿ ಬಿಡುತ್ತಿದ್ದುದನ್ನು ಹುಡುಗನಾಗಿದ್ದಾಗ ನೋಡಿದ್ದೆ. ಟಪ್ ಎಂದು ಹೊಡೆದ ದಾರ ನೆಟ್ಟಗಿನ ಗೆರೆ ಬಿಟ್ಟಿರುತ್ತಿತ್ತು. ಕೆಲಸ ಮುಗಿದ ಮೇಲೆ ಬಟ್ಟೆಯಿಂದ ಒರೆಸಿದರೆ ಹೋಗುತ್ತಿತ್ತು. ಇಟಲಿಯಲ್ಲಿ ಗೋಡೆಯ ಮೇಲೆ ಭಿತ್ತಿಚಿತ್ರ ಬರೆಯುವವರೂ ಹೀಗೆಯೇ ದಾರ ಹೊಡೆಯುತ್ತಿದ್ದರು. ಪೆನ್ಸಿಲ್ಲಿನ ಗೆರೆ ತೆಳುವಾದ ಬಣ್ಣದ ಕೆಳಗಿನಿಂದ ಮೇಲೆದ್ದು ಕಾಣುತ್ತದೆ, ಸುಣ್ಣದ ಗೆರೆ ಹಾಗೆ ಕಾಡುವುದಿಲ್ಲ.

ಇನ್ನು ಬಟ್ಟೆ, ಎಣ್ಣೆಗಳ ಮಾತು. ಯೂರೋಪಿನವರ ಕ್ಯಾನ್ವಾಸು ಬಹುತೇಕ ಲಿನನ್ ಬಟ್ಟೆ, ಅದು ಅಗಸೆ ಗಿಡದ ನಾರಿನಿಂದ ಆದದ್ದು. ಬಣ್ಣ ಅರೆಯುವ ಲಿನ್‌ಸೀಡ್ ಎಣ್ಣೆ ಅದೇ ಗಿಡದ ಬೀಜದ್ದು. ರೊಟ್ಟಿಯ ಜೊತೆ ನಾವು ಚಟ್ನಿಪುಡಿ ಮಾಡಿಕೊಂಡು ತಿನ್ನುವ ಅದೇ ಅಗಸೆಯ ಮೇಲೆ, ಅದೇ ಅಗಸೆಯ ಎಣ್ಣೆಯಿಂದ ಅಲ್ಲಿಯ ರಾಜರೂ ಪಾದ್ರಿಗಳೂ ಇಂದಿಗೂ ಮುಖ ತೋರಿಸುತ್ತ ಕೂತಿದ್ದಾರೆ. ಇಟಲಿಯಲ್ಲಿ ಅಕ್ರೋಟಿನ ಎಣ್ಣೆಯನ್ನೂ ಬಳಸುತ್ತಿದ್ದರು, ಅದು ಹಳದಿಗೆ ತಿರುಗುವುದು ಕಡಿಮೆ. ಈ ಎಣ್ಣೆಗಳು ನೀರಿನಂತೆ ಆರಿಹೋಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ತಾವೇ ಗಟ್ಟಿಯಾದ ಪೊರೆಯಾಗುತ್ತವೆ. ಶೇಂಗಾ ಎಣ್ಣೆಗಾಗಲಿ ಕೊಬ್ಬರಿ ಎಣ್ಣೆಗಾಗಲಿ ಈ ಗುಣವಿಲ್ಲ, ತಿಂಗಳು ಬಿಟ್ಟು ಮುಟ್ಟಿದರೂ ಜಿಡ್ಡು ಜಿಡ್ಡೇ. ಹಾಗೆಂದು ಗಾಣದಿಂದ ತಂದ ಅಗಸೆ ಎಣ್ಣೆಯನ್ನು ನೇರವಾಗಿ ಬಣ್ಣಕ್ಕೆ ಹಾಕಬಾರದು. ಬೀಜದ ಲೋಳೆ ಅದರಲ್ಲಿ ಉಳಿದಿರುತ್ತದೆ. ಚಿತ್ರಕ್ಕೆಂದು ಶುದ್ಧಿ ಮಾಡಿದ್ದನ್ನೇ ತರಬೇಕು. ನಾನು ಬಳಸಿದ್ದು ಹತ್ತಿಯ ಕ್ಯಾನ್ವಾಸು, ಹತ್ತಿಗಿರಣಿಗಳಿಂದ ಹೆಸರಾದ ಊರಿನಲ್ಲಿ ಕೂತು ಬೇರೆಯದನ್ನು ಹುಡುಕುವುದು ಸರಿಯೆನಿಸಲಿಲ್ಲ; ಅದು ಹವೆಗೆ ತಕ್ಕಂತೆ ಸಡಿಲವಾಗುತ್ತದೆ, ಹಿಂದಿನ ಬೆಣೆಗಳನ್ನು ಆಗಾಗ ತಟ್ಟಿ ಬಿಗಿಮಾಡಿಕೊಂಡರೆ ಸಾಕು. ಎಣ್ಣೆ ನೇರವಾಗಿ ಬಟ್ಟೆಯ ನೂಲಿಗೆ ತಾಗಿದರೆ ಕಾಲಕ್ರಮದಲ್ಲಿ ಬಟ್ಟೆ ಲಡ್ಡಾಗುತ್ತದೆ. ಅದಕ್ಕಾಗಿ ಮೊದಲು ಅಂಟು, ಅದರ ಮೇಲೆ ಬಿಳಿಯ ಅಸ್ತರಿ ಕೊಡಬೇಕು. ಈಗ ಅಂಗಡಿಯಲ್ಲಿ ಸಿಗುವ ಜೆಸ್ಸೊ ಎಂಬ ಬಿಳಿ ಲೇಪವೇ ಎರಡೂ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗಲು ದಾರಿಯಿಲ್ಲದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಒಣಹಾಕಬೇಕು, ಇಲ್ಲವೇ ನೀರಿನ ಡಬ್ಬಿಗೆ ಹಾಕಬೇಕು. ನಮ್ಮ ಬೇಸಿಗೆ ಎಂಥದ್ದೆಂದು ನಿಮಗೆ ಗೊತ್ತಿದೆ.

ನಾನು ಎದುರಿಗಿಟ್ಟುಕೊಂಡದ್ದು ಪ್ರಿಂಟು. ಲೂವ್ರ್‌ನಲ್ಲಿರುವ ಚಿತ್ರದ ಎರಡು ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಮುದ್ರಿಸಿದಾಗ ಒಂದರಲ್ಲಿ ಮುಖ ಅರಿಸಿನ ಹಚ್ಚಿದಂತಿತ್ತು, ಇನ್ನೊಂದರಲ್ಲಿ ಚಳಿಗೆ ನೀಲಿಗಟ್ಟಿದಂತಿತ್ತು. ಎರಡನ್ನೂ ನಂಬುವಂತಿರಲಿಲ್ಲ. ಅದಕ್ಕೇ ಮೂರನೆಯದೊಂದನ್ನು ಪೂರ್ತಿ ಕಪ್ಪು ಬಿಳುಪಿನಲ್ಲಿ ಮುದ್ರಿಸಿದೆ. ಪ್ರಿಂಟು ಬಣ್ಣದ ವಿಷಯದಲ್ಲಿ ಸುಳ್ಳು ಹೇಳಿದಷ್ಟು ಬೆಳಕು ಕತ್ತಲೆಯ ಅಂತರದ ವಿಷಯದಲ್ಲಿ ಹೇಳುವುದಿಲ್ಲ. ರಟ್ಟಿನ ಪಟ್ಟಿಯ ಮೇಲೆ ಬಿಳಿಯಿಂದ ಕಪ್ಪಿನವರೆಗೆ ಒಂಬತ್ತು ಮೆಟ್ಟಿಲು ಬೂದುಬಣ್ಣ ಬಳಿದು, ಪ್ರತಿ ಮೆಟ್ಟಿಲಿನ ನಡುವೆ ತೂತು ಕೊರೆದು, ಅದನ್ನು ಪ್ರಿಂಟಿನ ಮೇಲೆ ಜರುಗಿಸುತ್ತ ಎಲ್ಲಿ ಯಾವ ಮೆಟ್ಟಿಲು ಮುಚ್ಚಿಹೋಗುತ್ತದೆ ಎಂದು ನೋಡುತ್ತ ಹೋದೆ. ಬಿಳಿಯೆಂದು ನಾನು ಪ್ರಮಾಣ ಮಾಡಿ ಹೇಳುತ್ತಿದ್ದ ಅಂಗಿಯ ಬಹುಭಾಗ ಬಿಳಿಯಾಗಿರಲಿಲ್ಲ. ನಿಜವಾದ ಬಿಳಿ ಒಂದೆರಡು ನೆರಿಗೆಯ ಅಂಚಿನಲ್ಲಿ ಮಾತ್ರ ಇತ್ತು. ಒಂದೇ ಕಪ್ಪೆಂದುಕೊಂಡ ಉಡುಪಿನಲ್ಲಿ ಮೂರು ಮೆಟ್ಟಿಲು ಇದ್ದವು. ಕಣ್ಣಿನ ಬಿಳಿಗುಡ್ಡೆ ಹಣೆಗಿಂತ ಕಪ್ಪಾಗಿತ್ತು! ಇಪ್ಪತ್ತು ವರ್ಷ ನಾನು ಸತ್ತವರ ಕಣ್ಣಿಗೆಲ್ಲ ಅಚ್ಚಬಿಳಿ ತುಂಬಿದ್ದೆ. ಅವರೆಲ್ಲ ಗಾಬರಿಯಾದವರಂತೆ ಏಕೆ ನೋಡುತ್ತಿದ್ದರು ಎಂಬುದಕ್ಕೆ ಉತ್ತರ ಸಿಕ್ಕಿತು.

ಬಿಳಿಯ ಕ್ಯಾನ್ವಾಸಿನ ಮೇಲೆ ಯಾವ ಬಣ್ಣ ಇಟ್ಟರೂ ಅದು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ; ಹೆದರಿ ನಾವು ತಿಳಿಯಾಗಿಸುತ್ತ ಹೋಗುತ್ತೇವೆ. ಅದಕ್ಕಾಗಿ ಮೊದಲು ಅಂಬರ್ ಎಂಬ ಕಂದು ಮಣ್ಣಿನ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕಲಸಿ ಇಡೀ ಬಟ್ಟೆಗೆ ಒರೆಸಿ ನಡುಮಟ್ಟದ ಕಂದು ನೆಲ ಮಾಡಿಕೊಂಡೆ. ಅದು ಒಣಗಿದ ಮೇಲೆ ಅದೇ ಅಂಬರಿನಿಂದ ನೆರಳಿನ ಭಾಗಗಳನ್ನು ಮಾತ್ರ ಬರೆದು, ಬೆಳಕಿರುವಲ್ಲಿ ಅರಿವೆ ಸುತ್ತಿದ ಬೆರಳಿನಿಂದ ಒರೆಸಿ ತೆಗೆದೆ. ಕಣ್ಣಿಲ್ಲ, ತುಟಿಯಿಲ್ಲ, ಹುಬ್ಬಿಲ್ಲ, ಬರಿಯ ಬೆಳಕಿನ ಗುಡ್ಡೆ ಮತ್ತು ಕತ್ತಲೆಯ ಗುಂಡಿ. ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ಕಾಸ್ತಿಲ್ಯೋನೆ ಅಲ್ಲಿ ಕೂತಿದ್ದ. ಹೋಲಿಕೆ ಇರುವುದು ಕಣ್ಣು ಮೂಗುಗಳ ವಿವರದಲ್ಲಿ ಎಂದು ನಂಬಿದ್ದವನಿಗೆ, ಕಣ್ಣು ಮೂಗು ಬರೆಯುವ ಮೊದಲೇ ಹೋಲಿಕೆ ಬಂದು ಕೂತದ್ದನ್ನು ನೋಡಿ ಅವತ್ತು ಮುಂದೆ ಕೆಲಸ ಮಾಡಲಾಗಲಿಲ್ಲ. ಹೊರಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದೆ.

ಇದರ ಮೇಲೆ ಬೂದು ಪದರ, ಅದರ ಮೇಲೆ ಮೈಬಣ್ಣ. ಪದರದ ಮೇಲೆ ಪದರ ಹಾಕುವಾಗ ಒಂದು ನಿಯಮವನ್ನು ಮೀರುವಂತಿಲ್ಲ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ಎಣ್ಣೆ ಹೆಚ್ಚಿರುವುದು ನಿಧಾನವಾಗಿ ಒಣಗುತ್ತದೆ. ಅದು ಕೆಳಗೆ ಸಿಕ್ಕಿಕೊಂಡರೆ ಮೇಲಿನ ಪದರ ಗಟ್ಟಿಯಾದ ನಂತರವೂ ಅಡಿಯಲ್ಲಿ ಕದಲುತ್ತಲೇ ಇದ್ದು, ಮೇಲಿನದು ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಬಣ್ಣಗಳಿಗೂ ಅವವುಗಳ ಸ್ವಭಾವವಿದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಎಂಬ ಕಪ್ಪು ಬಹಳ ದಿನ ಸತಾಯಿಸುತ್ತದೆ. ಇದನ್ನು ಓದಿಯೂ ನಾನು ಟೋಪಿಗೆ ಮೊದಲು ಎಣ್ಣೆ ಸುರಿದು ಕಪ್ಪು ಬಳಿದು, ಮೇಲಿನ ಹೊಳಪಿಗೆ ಅಂಬರ್ ಹಾಕಿದೆ. ಮೇ ತಿಂಗಳು, ಎರಡು ದಿನಕ್ಕೇ ಮುಟ್ಟಿದರೆ ಅಂಟುತ್ತಿರಲಿಲ್ಲ, ಒಣಗಿತೆಂದು ಸಂತೋಷಪಟ್ಟೆ. ದೀಪಾವಳಿಯ ಹೊತ್ತಿಗೆ ಟೋಪಿಯ ಎಡಭಾಗದಲ್ಲಿ ಕೂದಲೆಳೆಯಂಥ ಸೀಳುಗಳು ಕಾಣಿಸಿದವು. ಅವನ್ನು ಹಾಗೆಯೇ ಬಿಟ್ಟಿದ್ದೇನೆ. ಬೇಕಾದವರು ಹತ್ತಿರ ಬಂದು ನೋಡಬಹುದು.

ಮೈಬಣ್ಣಕ್ಕೆ ನನ್ನ ತಟ್ಟೆಯಲ್ಲಿದ್ದವು ಯೆಲ್ಲೋ ಓಕರ್ ಎಂಬ ಹಳದಿ ಮಣ್ಣು, ಒಂದು ಮಣ್ಣುಗೆಂಪು, ಸ್ವಲ್ಪ ವರ್ಮಿಲಿಯನ್, ಅಂಬರ್, ಐವರಿ ಬ್ಲ್ಯಾಕ್ ಮತ್ತು ಟೈಟೇನಿಯಂ ವೈಟ್. ರಫೇಲನ ಕಾಲದ ಬಿಳಿ ಸೀಸದಿಂದ ಮಾಡಿದ್ದು, ವಿಷ; ನಿಜವಾದ ವರ್ಮಿಲಿಯನ್ ಪಾದರಸ ಮತ್ತು ಗಂಧಕದ್ದು, ನಮ್ಮ ಇಂಗಳೀಕವೇ ಅದು. ಎರಡನ್ನೂ ಮನೆಯಲ್ಲಿ ಇಟ್ಟುಕೊಳ್ಳುವ ಸಾಹಸ ಬೇಡ. ವರ್ಮಿಲಿಯನ್ ಎಂಬ ಹೆಸರಿನಲ್ಲೇ ಬರುವ ಬದಲಿ ಬಣ್ಣ ಸಾಕು. ಟೈಟೇನಿಯಂ ಸೀಸದ ಬಿಳಿಗಿಂತ ತಣ್ಣಗಿದ್ದು ಎಲ್ಲವನ್ನೂ ಮುಚ್ಚಿಹಾಕುವ ಜಾತಿಯದು, ಹಾಗಾಗಿ ಅದಕ್ಕೆ ಚಿಟಿಕೆ ಓಕರ್ ಬೆರೆಸಿ ಪಳಗಿಸಿಕೊಂಡೆ. ಓಕರ್, ಮಣ್ಣುಗೆಂಪುಗಳ ಬಣ್ಣವೆಲ್ಲ ಅವುಗಳಲ್ಲಿರುವ ಕಬ್ಬಿಣದಿಂದ ಬಂದದ್ದು. ಹೊಳಲ್ಕೆರೆ, ಹೊಸದುರ್ಗದ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಬದಿಯ ಗಿಡಗಳನ್ನು ನೋಡಿದವರಿಗೆ ಈ ಕೆಂಪನ್ನು ವಿವರಿಸಬೇಕಾಗಿಲ್ಲ. ಇಟಲಿಯವನ ಕೆನ್ನೆಯ ಮೇಲಿರುವುದು ಅದೇ ಕುಲದ ಮಣ್ಣು.

ಕಣ್ಣಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನೀಲಿ ಕಣ್ಣೆಂದು ಮೊದಲು ಕೋಬಾಲ್ಟ್ ನೀಲಿ ಹಾಕಿದೆ. ಎರಡು ಗೋಲಿಗಳನ್ನು ಮುಖಕ್ಕೆ ಒತ್ತಿ ಕೂರಿಸಿದಂತಾಯಿತು. ಬಿಳಿ ಬೆರೆಸಿದೆ, ಇನ್ನೂ ಕೆಟ್ಟಿತು. ಚಾಕುವಿನಿಂದ ಕೆರೆದು ತೆಗೆದು, ಎರಡು ದಿನ ಬಿಟ್ಟು, ಬರಿಯ ಐವರಿ ಬ್ಲ್ಯಾಕ್ ಮತ್ತು ಬಿಳಿ ಬೆರೆಸಿದ ಬೂದುಬಣ್ಣವನ್ನು ಒಂದು ಹನಿಯಷ್ಟು ಇಟ್ಟೆ. ಸುತ್ತ ಕಾವಿಯ ಕಾವಿರುವ ರೆಪ್ಪೆ, ಹುಬ್ಬಿನ ಕಂದು, ಕೆನ್ನೆಯ ಕೆಂಪು. ನಡುವೆ ಕೂತ ಆ ಬೂದು ನೀಲಿಯಾಗಿ ತಿರುಗಿತು. ನೀಲಿ ಬಣ್ಣದ ಟ್ಯೂಬಿನ ಮುಚ್ಚಳ ತೆಗೆಯದೆ ನೀಲಿ ಕಣ್ಣು ಬಂದಿತ್ತು. ಒಂದು ಬಣ್ಣ ಏನೆಂಬುದನ್ನು ಅದರ ನೆರೆಹೊರೆಯವರು ತೀರ್ಮಾನಿಸುತ್ತಾರೆ. ರಫೇಲ್ ಅಲ್ಲಿ ಏನು ಹಾಕಿದ್ದಾನೋ ಅದು ಅವನ ಗುಟ್ಟು. ನನಗೆ ಈ ಪಾಠ ಸಾಕಾಯಿತು. ಕೆಳರೆಪ್ಪೆಗೆ ಒಂದು ದಪ್ಪವಿದೆ, ಆ ದಪ್ಪದ ಮೇಲಂಚಿನಲ್ಲಿ ತೇವದ ಒಂದು ತೆಳುಬೆಳಕು ಇದೆ ಎಂಬುದನ್ನೂ ಅಲ್ಲೇ ಕಂಡುಕೊಂಡೆ. ಅಲ್ಲಿಯವರೆಗೆ ನಾನು ಕೆಳರೆಪ್ಪೆಯನ್ನು ಕಾಡಿಗೆಯ ಗೆರೆಯಂತೆ ಎಳೆಯುತ್ತಿದ್ದೆ.

ಗಡ್ಡ ಎರಡು ತಿಂಗಳು ತಿಂದಿತು. ಹಳೆಯ ಅಭ್ಯಾಸದಂತೆ ಜೀರೋ ನಂಬರಿನಲ್ಲಿ ಕೂದಲೆಳೆದಾಗ ಅದು ತೆಂಗಿನ ನಾರಾಯಿತು. ಪ್ರಿಂಟನ್ನು ತಲೆಕೆಳಗು ಮಾಡಿ ನೋಡಿದೆ. ತಲೆಕೆಳಗಾದಾಗ ಅದು ಗಡ್ಡವೆಂಬ ಹೆಸರು ಕಳಚಿಕೊಂಡು ಬರಿಯ ಆಕಾರವಾಗುತ್ತದೆ. ಅಲ್ಲಿ ಕೂದಲು ಬಿಡಿಬಿಡಿಯಾಗಿರಲಿಲ್ಲ. ಕೆನ್ನೆಯ ಬಣ್ಣ ಎಲ್ಲಿ ಮುಗಿಯಿತು, ಗಡ್ಡ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದ ಒಂದು ಕಂದು ಮೋಡವಿತ್ತು. ಕೆನ್ನೆ ಹಸಿಯಿರುವಾಗಲೇ ಗಡ್ಡದ ಬಣ್ಣವನ್ನು ಪಕ್ಕದಲ್ಲಿಟ್ಟು, ಬಣ್ಣವಿಲ್ಲದ ಒಣ ಬ್ರಷ್ಷನ್ನು ನವಿಲುಗರಿ ಸವರಿದಷ್ಟು ಹಗುರವಾಗಿ ಎರಡರ ನಡುವೆ ಆಡಿಸಬೇಕು. ಬಿಳಿಯ ಅಂಗಿಯ ಮೇಲೆ ಇಳಿಯುವ ತುದಿಯಲ್ಲಿ ಮಾತ್ರ ನಾಲ್ಕಾರು ಎಳೆಗಳು, ಅಷ್ಟೇ. ಆ ನಾಲ್ಕಾರು ಎಳೆಗಳನ್ನು ನೋಡಿದವರು ಇಡೀ ಗಡ್ಡದಲ್ಲಿ ಕೂದಲು ಎಣಿಸುತ್ತಾರೆ. ಕಾಸ್ತಿಲ್ಯೋನೆ ಹೇಳಿದ ಸ್ಪ್ರೆತ್ಸಾತೂರಾ ಅವನ ಗಡ್ಡದಲ್ಲೇ ಇದೆ ಎಂದು ನಾನು ಗೆಳೆಯರಿಗೆ ತಮಾಷೆ ಮಾಡುವುದುಂಟು.

ನಕಲಿನಿಂದ ಕೆಲಸದ ಕ್ರಮ ಕಲಿಯುವುದು ಎಂದರೇನು ಎಂಬುದಕ್ಕೆ ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿ ಒಳ್ಳೆಯ ಸಾಕ್ಷಿಯಿದೆ. ಅಲ್ಲಿ ಮೋನಾಲಿಸಾದ ಒಂದು ಹಳೆಯ ನಕಲು ಇದ್ದು, ಅದರ ಹಿನ್ನೆಲೆ ಕಪ್ಪಾಗಿದ್ದರಿಂದ ಯಾರೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದನ್ನು ಶುಚಿಮಾಡಿದಾಗ ಕಪ್ಪು ಆಮೇಲೆ ಬಳಿದದ್ದೆಂದು ತಿಳಿದು, ಕೆಳಗಿನಿಂದ ಬೆಟ್ಟಗುಡ್ಡಗಳು ಎದ್ದು ಬಂದವು. 2012ರಲ್ಲಿ ಜಗತ್ತಿಗೆ ಗೊತ್ತಾದ ಇನ್ನೊಂದು ಸಂಗತಿ ಅದಕ್ಕಿಂತ ಸೊಗಸಾದದ್ದು. ಅವಕೆಂಪು ಕಿರಣದಲ್ಲಿ ನೋಡಿದಾಗ, ಲಿಯೊನಾರ್ಡೊ ತನ್ನ ಚಿತ್ರದ ಅಡಿಗೆರೆಯಲ್ಲಿ ಮಾಡಿಕೊಂಡ ತಿದ್ದುಪಡಿಗಳೇ ಈ ನಕಲಿನ ಅಡಿಯಲ್ಲೂ ಇದ್ದವು. ಅಂದರೆ ಗುರು ಒಂದು ಹಲಗೆಯಲ್ಲಿ ಬರೆದು ತಿದ್ದುತ್ತಿದ್ದಂತೆ ಶಿಷ್ಯ ಪಕ್ಕದ ಹಲಗೆಯಲ್ಲಿ ಅದನ್ನೇ ಬರೆದು ತಿದ್ದುತ್ತಿದ್ದ. ಗುರುವಿನ ತಪ್ಪೂ ಅವನ ಪಾಠದಲ್ಲಿ ಸೇರಿತ್ತು. ಆ ಭಾಗ್ಯ ನಮಗಿಲ್ಲ. ಮುಗಿದ ಚಿತ್ರದಿಂದ ಹಿಮ್ಮುಖವಾಗಿ ನಡೆದು, ಈ ಬೆಳಕಿನ ಕೆಳಗೆ ಏನಿದ್ದರೆ ಇದು ಹೀಗೆ ಕಂಡೀತು ಎಂದು ಊಹಿಸುತ್ತ, ತಪ್ಪಿದಾಗ ಕೆರೆಯುತ್ತ ಹೋಗಬೇಕು. ಆ ಊಹೆಯ ಕೆಲಸವೇ ಕಲಿಕೆ ಎಂದು ನನ್ನ ಅನುಭವ. ಅಚ್ಚುಕಟ್ಟಾಗಿ ಮೂಲದಂತೆಯೇ ಬಂದ ನಕಲು ಮಾಡಿ ಏನೂ ಕಲಿಯದೆ ಎದ್ದವರನ್ನು ನಾನು ಕಂಡಿದ್ದೇನೆ. ಒಂದೊಂದು ಮನೆಯನ್ನೂ ಪೂರ್ತಿ ಮುಗಿಸಿ ಮುಂದಿನ ಮನೆಗೆ ಹೋಗುವವರು ಅವರು. ಹಾಗೆ ಮಾಡಿದರೆ ಚಿತ್ರ ಬರುತ್ತದೆ, ಮುಖ ಕಟ್ಟುವುದು ಬರುವುದಿಲ್ಲ.

ಎಂಟು ತಿಂಗಳಿಗೆ ಕಾಸ್ತಿಲ್ಯೋನೆ ಮುಗಿದ, ಅಥವಾ ನಾನು ಬಿಟ್ಟೆ. ಆಮೇಲೆ ನಮ್ಮ ಅಕ್ಕನ ಗಂಡ, ಗಿರಣಿಯಲ್ಲಿ ದುಡಿದು ನಿವೃತ್ತರಾದ ಭಾವ, ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ ಕೂರಲು ಒಪ್ಪಿದರು. ಬದುಕಿದ್ದವರೊಬ್ಬರನ್ನು ಎದುರಿಗೆ ಕೂರಿಸಿ ಬರೆದದ್ದು ಅದೇ ಮೊದಲು. ಕಂದು ನೆಲ, ಒರೆಸಿ ತೆಗೆದ ಬೆಳಕು, ಬೂದು ಪದರ, ಎಲ್ಲವೂ ಒಂದರ ಹಿಂದೆ ಒಂದು ತಾವಾಗಿ ಬಂದವು. ಭಾವನ ಮೈಬಣ್ಣ ಇಟಲಿಯವನಿಗಿಂತ ಮೂರು ಮೆಟ್ಟಿಲು ಗಾಢ, ಓಕರ್ ಕಡಿಮೆ, ಅಂಬರ್ ಹೆಚ್ಚು ಬೇಕಾಯಿತು. ಆದರೆ ಕ್ರಮ ಅದೇ. ಐದನೆಯ ಬೆಳಿಗ್ಗೆ ಎಡ ಕಿವಿಯ ಹತ್ತಿರ ಬಂದು ಕೈ ನಿಂತುಹೋಯಿತು. ಕಾಸ್ತಿಲ್ಯೋನೆಯ ಕಿವಿಗಳು ಟೋಪಿಯ ಒಳಗಿದ್ದವು. ಎಂಟು ತಿಂಗಳಲ್ಲಿ ನಾನು ಒಂದೇ ಒಂದು ಕಿವಿಯನ್ನೂ ಬರೆದಿರಲಿಲ್ಲ.

ಬ್ರಷ್ಷು ಹಿಡಿದು ನಾನು ಸುಮ್ಮನೆ ನಿಂತದ್ದನ್ನು ನೋಡಿ ಭಾವ, ‘ಯಾಕೋ, ಏನ್ ಮರ್ತಿ?’ ಎಂದರು. ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಿವಿ ಮುಚ್ಚುವಂತೆ ತಲೆಗೆ ರುಮಾಲು ಸುತ್ತಿಕೊಂಡು, ‘ಹಿಂಗಾದ್ರ ಆಕ್ಕೈತೇನು?’ ಎಂದು ಕೇಳಿದರು. ಬೇಡ, ತೆಗೆಯಿರಿ ಎಂದೆ. ಅವತ್ತಿನಿಂದ ಹನ್ನೆರಡು ದಿನ ಬರಿಯ ಕಿವಿ ಬರೆದೆವು.